ಉದ್ದ ಗೀರು, ಅಡ್ಡ ಗೀರು

ಹೆಸರು ಗೊತ್ತಿಲ್ಲದ ಜೇಡದೊಂದಿಗೆ ಒಂದೇ ಮನೆಯಲ್ಲಿರುವುದು ಕಷ್ಟವಲ್ಲ. ಅದರ ಹೆಸರು ಹುಡುಕುವವರೊಂದಿಗೆ ಇರುವುದು ಕಷ್ಟ. ಡೊಂಬಿವಲಿಯ ನಮ್ಮ ಗ್ಯಾಲರಿಯಲ್ಲಿ, ಬಟ್ಟೆ ಒಣಹಾಕುವ ಹಗ್ಗಕ್ಕೂ ಕಿಟಕಿಯ ಗ್ರಿಲ್ಲಿಗೂ ನಡುವೆ ಒಂದು ಜೇಡ ಚಕ್ರದಂಥ ಬಲೆ ನೇಯತೊಡಗಿತು. ನಾನು ಪೊರಕೆ ಹಿಡಿದು ಬಂದರೆ, ಕಲ್ಯಾಣದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಎಂಎಸ್ಸಿ ಓದುತ್ತಿದ್ದ ಮಗಳು ಶುಭಾ ಅಡ್ಡ ನಿಂತಳು.

"ತೆಗೀಬೇಡಿ ಅಪ್ಪ. ಇದರ ಜೀನಸ್ ಇನ್ನೂ ಗೊತ್ತಾಗಿಲ್ಲ."

"ಎಂತದದು ಜೀನಸ್?" ಎಂದಳು ನನ್ನ ಹೆಂಡತಿ ವನಜ.

"ಕುಲ" ಎಂದು ನಾನೇ ದೊಡ್ಡ ಪಂಡಿತನಂತೆ ಅರ್ಥ ಹೇಳಿದೆ. ಅಂದಿನಿಂದ ನನ್ನ ಅಂಗಿಗಳು ಬಚ್ಚಲುಮನೆಯಲ್ಲಿ ಒಣಗಿದವು, ಅಂದರೆ ಒಣಗಲಿಲ್ಲ. ಒದ್ದೆ ಕಾಲರಿನಲ್ಲೇ ಲೋಕಲ್ ರೈಲು ಹತ್ತುತ್ತಿದ್ದೆ.

ಶುಭಾ ವಿವರಿಸಿದಳು: "ಇಂಥ ಎಷ್ಟೋ ಜೇಡಗಳನ್ನು ಮೊದಲು ಅರೇನಿಯಸ್ ಕುಲ ಅಂತಿದ್ರು. ಆಮೇಲೆ ನಿಯೋಸ್ಕೋನಾಕ್ಕೆ ಶಿಫ್ಟ್ ಮಾಡಿದ್ರು. ತಲೆಯ ಹಿಂದೆ ಗೀರು ಉದ್ದಕ್ಕಿದ್ರೆ ನಿಯೋಸ್ಕೋನಾ, ಅಡ್ಡಕ್ಕಿದ್ರೆ ಅರೇನಿಯಸ್."

"ಹಾಗಾದ್ರೆ ಉದ್ದ ನಾಮದ್ದು ನಮ್ಮ ಪೈಕಿ" ಎಂದಳು ವನಜ.

"ಹುಟ್ಟಿದ ಮೇಲೆ ಕುಲ ಬದಲಾಗೋದುಂಟಾ?" ಎಂದೆ.

"ಜೇಡ ಬದಲಾಗಿಲ್ಲ ಅಪ್ಪ. ನೋಡಿದವರು ಸರಿಯಾಗಿ ನೋಡಿರಲಿಲ್ಲ." ಹಾಗೆಂದವಳು ಅದೇ ಉಸಿರಿನಲ್ಲಿ, "ಭಾನುವಾರ ಬಸವರಾಜ ಬಂದು ನೋಡ್ತಾನೆ. ನೀವೂ ಅವನನ್ನ ನೋಡಿ. ನಾವಿಬ್ಬರೂ ಮದುವೆ ಆಗ್ಬೇಕಂತಿದ್ದೇವೆ" ಎಂದಳು.

ಭಾನುವಾರದವರೆಗೆ ಮನೆಯಲ್ಲಿ ಜೇಡದಷ್ಟೇ ಸದ್ದು. ವನಜ ಅನ್ನ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ಹುಡುಗ ಶುಭಾಳ ಸಹಪಾಠಿ, ಕಲಬುರಗಿಯ ಕಡೆಯವನು. ತಂದೆ ಅಂಬರನಾಥದ ಕಾರ್ಖಾನೆಯೊಂದರಲ್ಲಿದ್ದರು. ಅವನನ್ನು ಏನೇನು ಕೇಳಬೇಕೆಂದು ಲೋಕಲಿನಲ್ಲಿ ನೇತಾಡುತ್ತಲೇ ತಯಾರಿ ನಡೆಸಿದೆ.

ಹಣೆಯ ಮೇಲೆ ವಿಭೂತಿಯ ಮೂರು ಗೆರೆಗಳೊಂದಿಗೆ ಬಂದ ಹುಡುಗ ನಮಸ್ಕರಿಸಿ ನೆಟ್ಟಗೆ ಗ್ಯಾಲರಿಗೆ ನಡೆದ. "ಕಾಕಾ, ಸ್ವಲ್ಪ ಸ್ಟೂಲ್ ಹಿಡೀರಿ" ಎಂದ. ಹಿಡಿದೆ. ಅವನು ಮೇಲೆ ಹತ್ತಿ ಜೇಡವನ್ನು ಬಾಟಲಿಯೊಳಗೆ ಇಳಿಸಿಕೊಂಡು, ಕೆಳಗಿಳಿದು ಭೂತಗನ್ನಡಿ ಹಿಡಿದ. ಶುಭಾ ಉಗುರು ಕಚ್ಚುತ್ತಿದ್ದಳು, ಜೇಡಕ್ಕಾಗಿ ಅಲ್ಲ.

"ಗೀರು ಉದ್ದ ಐತ್ರಿ. ನಿಯೋಸ್ಕೋನಾ. ಇದರೊಳಗ ಯಾವ ಜಾತಿ ಅಂತ ಈಗ್ಲೇ ಹೇಳಾಕ ಆಗಂಗಿಲ್ರಿ."

ವನಜ ಅವನ ಹಣೆಯನ್ನೊಮ್ಮೆ, ಮಗಳ ಮುಖವನ್ನೊಮ್ಮೆ ನೋಡಿದಳು.

"ಜಾತಿ ಎಂತಕ್ಕೆ, ಬಿಡು" ಎಂದಳು. "ಒಳಗೆ ಬಾ, ಗೋಳಿಬಜೆ ತಣ್ಣಗಾಗ್ತದೆ."

ಮೂವರೂ ಒಳಗೆ ಹೋದರು. ಹುಡುಗನನ್ನು ಗಟ್ಟಿಯಾಗಿ ವಿಚಾರಿಸಬೇಕೆಂದಿದ್ದ ನಾನು, ಯಾರೂ ನಿಂತಿರದ ಸ್ಟೂಲನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.