ಆರು ಗೇಣಿನ ಮೇಜು

ಒಂದನೇ ಕ್ಲಾಸಿನ ಮಗಳ ಚೀಲಕ್ಕೆ ಪುಸ್ತಕ ತುಂಬುವಾಗ ದರ್ಜಿಯಮ್ಮನ ಕಣ್ಣಿಗೆ ಕೆಂಪು ಗುರುತು ಬಿತ್ತು. ‘ನಿಮ್ಮ ಮನೆಯ ಮೇಜು ಎಷ್ಟು ಗೇಣು ಉದ್ದವಿದೆ?’ ಎಂಬ ಪ್ರಶ್ನೆಯ ಮುಂದೆ ‘ಆರು’ ಎಂದಿತ್ತು. ಅದರ ಮೇಲೆ ಅಡ್ಡಡ್ಡವಾಗಿ ದೊಡ್ಡದೊಂದು ತಪ್ಪು.

ಅವಳ ಮೈಯೆಲ್ಲ ಉರಿದುಹೋಯಿತು. ಹದಿನೆಂಟು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದ ಮೇಜು ಅದು. ಈ ಮನೆಯವರು ಅವಳ ಅಡುಗೆಗೆ ಹೆಸರಿಟ್ಟಿದ್ದರು, ಅವಳ ಬಣ್ಣಕ್ಕೆ, ನಡಿಗೆಗೆ, ನಗುವಿಗೂ ಹೆಸರಿಟ್ಟಿದ್ದರು. ಅಳತೆಯ ತಂಟೆಗೆ ಮಾತ್ರ ಯಾರೂ ಬಂದಿರಲಿಲ್ಲ. ತನ್ನದು ಎಂದು ಹೇಳಿಕೊಳ್ಳಲು ಅವಳಿಗಿದ್ದದ್ದು ಅದೊಂದೇ.

“ಆರೇ ಕಣೇ ಇರೋದು. ನಿಮ್ಮ ಮಿಸ್‌ಗೆ ಕಣ್ಣು ಕಾಣಲ್ವಾ?”

“ಅಮ್ಮಾ, ಅದು...”

“ನೀನು ಸುಮ್ನಿರು.”

ಮೇಜಿನ ಮೇಲೆ ಮತ್ತೆ ಗೇಣು ಹಾಕಿದಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ, ಆರು. ಅತ್ತೆ ಎದ್ದು ಬಂದು ತಮ್ಮ ಒಣಕಲು ಕೈ ಚಾಚಿದರು. “ಏಳು. ಇವಳಿಗೆ ಲೆಕ್ಕ ಬರಲ್ಲ ಅಂತ ನಾನು ಯಾವತ್ತೋ ಹೇಳಿದ್ದೆ.”

ಜಗಳದ ವಾಸನೆ ಹಿಡಿದು ಪಕ್ಕದ ಮನೆಯ ನಿವೃತ್ತ ಕಂಡಕ್ಟರು ಹೆಂಡತಿ ಸಮೇತ ಹಾಜರಾದರು. ಮೊರದಗಲದ ಅಂಗೈ ಅವರದು. “ಐದೂವರೆ ತಾಯಿ. ಬೇಕಾದ್ರೆ ಬರ್ಕೊಡ್ತೀನಿ.”

“ನಿಮ್ಮ ಕೈ ಟಿಕೆಟ್ ಹರಿಯೋಕೆ ಸರಿ,” ಎಂದಳು ದರ್ಜಿಯಮ್ಮ. “ಅತ್ತೆ ಕೈ ಬೈಯೋವಾಗ ಆಡಿಸೋಕೆ ಸರಿ. ಹಿಡೀರಿ ಮೇಜನ್ನ. ಆ ಮಿಸ್ ಮುಂದೆನೇ ಇಟ್ಟು ಅಳೀತೀನಿ.”

ಮೇಜು ನಾಲ್ಕೂ ಕಾಲು ಮೇಲೆತ್ತಿಕೊಂಡು ಹೊರಟಿತು. ಮುಂದೆ ಕಂಡಕ್ಟರು, ಹಿಂದೆ ದರ್ಜಿಯಮ್ಮ, ಅವಳ ಹಿಂದೆ ಚೀಲ ಹೊತ್ತ ಮಗಳು. ಕಂಡಕ್ಟರು ಅಂಗಡಿ ಅಂಗಡಿಯ ಮುಂದೂ “ಹೋಲ್ಡಾನ್” ಎಂದು ನಿಂತು, ಕೇಳಿದವರಿಗೂ ಕೇಳದವರಿಗೂ ವಿಷಯ ತಿಳಿಸಿದರು. ಶಾಲೆ ಮುಟ್ಟುವ ಹೊತ್ತಿಗೆ ಇಡೀ ಬೀದಿಗೆ ಕತೆ ಬಾಯಿಪಾಠವಾಗಿತ್ತು.

ಟೀಚರು ಮೇಜನ್ನು ನೋಡಿದರು, ಬಂದವರನ್ನು ನೋಡಿದರು. “ಅಳೀರಿ,” ಎಂದರು.

ಆರು.

“ಸರಿ. ಈಗ ಮಗು ಅಳೀಲಿ.”

ಪುಟ್ಟ ಕೈ ಕಂಬಳಿಹುಳದಂತೆ ಮೇಜಿನ ಮೇಲೆ ಹರಿಯಿತು. ಒಂಬತ್ತು.

“ನಿಮ್ಮ ನಿಮ್ಮ ಗೇಣಲ್ಲೇ ಅಳೆದು ಬನ್ನಿ ಅಂದಿದ್ದೆ,” ಎಂದರು ಟೀಚರು. “ಇಷ್ಟು ಪುಟ್ಟ ಕೈಗೆ ಬಟ್ಟೆ ಕತ್ತರಿಸೋ ಮೇಜು ಆರೇ ಗೇಣಾಗತ್ತಾ? ಕೈ ಬೇರೆಯಾದ್ರೆ ಲೆಕ್ಕಾನೂ ಬೇರೆಯಾಗತ್ತೆ. ಪಾಠ ಇರೋದೇ ಅಷ್ಟು.”

ದರ್ಜಿಯಮ್ಮ ಬಿಡಲಿಲ್ಲ. “ಹಾಗಾದ್ರೆ ಇವಳು ಆರು ಅಂತ ಯಾಕೆ ಬರೆದ್ಲು? ನೀವು ನೆಟ್ಟಗೆ ಹೇಳಿಕೊಟ್ಟಿದ್ರೆ ತಾನೇ?”

“ನಾನು ಒಂಬತ್ತೇ ಬರೆದಿದ್ದೆ,” ಎಂದಳು ಮಗಳು. “ನೀನೇ ರಬ್ಬರಲ್ಲಿ ಅಳಿಸಿ ಆರು ಮಾಡ್ದೆ.”

ಹೌದು. ಮೊನ್ನೆ ಮೆಷಿನ್ನು ತುಳಿಯುತ್ತಲೇ, ತಲೆಯೆತ್ತದೆಯೇ ಅಳಿಸಿದ್ದಳು. ತಾನು ಯಾರ ಮೇಲೆ ಇಷ್ಟು ವರ್ಷ ಸಿಟ್ಟಾಗಿದ್ದಳೋ ಅವರ ಸಾಲಿನಲ್ಲೇ ತಾನೂ ನಿಂತಿದ್ದು ಕಂಡು ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಆದರೆ ಬೈಯಲು ಎದುರಿಗೆ ಯಾರೂ ಉಳಿದಿರಲಿಲ್ಲ.

ಮೇಜಿಗಿಂತ ಮೊದಲೇ ಸುದ್ದಿ ಮನೆ ಮುಟ್ಟಿತ್ತು. ಮೇಜನ್ನು ಮನೆಗೆ ತಂದಿಡುವಾಗ ಕಂಡಕ್ಟರ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದರು, ಕೈಯಲ್ಲಿ ಹೊಲಿಸಲು ತಂದ ಹೊಸ ಬಟ್ಟೆ.

“ಬೇಜಾರ್ ಮಾಡ್ಕೋಬೇಡ್ರೀ,” ಎಂದರು ಮೆಲ್ಲಗೆ. “ಅವಸರ ಏನಿಲ್ಲ. ಮಗು ಸ್ಕೂಲಿಂದ ಬಂದ್ಮೇಲೆ ಅಳತೆ ಕೊಡ್ತೀನಿ. ನೀವು ಬರ್ಕೊಂಡಿದ್ದನ್ನ ಅವಳು ಒಂದ್ಸಲ ನೋಡ್ಲಿ.”