ಪೆಟಗಿ ಮಾಡುವ ಕಾಕಾನ ಉಸ್ತುವಾರಿಯಲ್ಲಿ ನನ್ನ ಮದುವೆ

ನನ್ನ ಕಾಕಾನ ಕೈಗೆ ಮದುವೆಯ ಉಸ್ತುವಾರಿ ಕೊಡುವುದೆಂದರೆ ಮದುಮಗಳನ್ನು ಅರ್ಧ ಮಣ್ಣಿಗೆ ಕಳಿಸಿದಂತೆ ಎಂದು ಗೋಕಾಕದ ನಮ್ಮ ಓಣಿಯವರು ಹೇಳುತ್ತಿದ್ದರು. ಇದು ಚಾಡಿ ಮಾತು ಎಂದು ನೀವು ತಿಳಿಯಬೇಡಿ. ನನ್ನ ಮದುವೆಯ ಉಸ್ತುವಾರಿ ಅವನದೇ ಆಗಿದ್ದರಿಂದ ನಾನು ಖಚಿತವಾಗಿ ಹೇಳಬಲ್ಲೆ: ಓಣಿಯವರು ಸ್ವಲ್ಪ ಕಡಿಮೆಯೇ ಹೇಳಿದ್ದರು.

ಕಾಕಾ ನನ್ನ ಅಪ್ಪನ ತಮ್ಮ. ಬಡಿಗತನ ಅವನ ಕಸುಬು. ಕೂರಿಗೆ, ಕುಂಟೆ, ಬಾಗಿಲು ಎಲ್ಲ ಮಾಡಬಲ್ಲವನೇ. ಆದರೆ ನಮ್ಮ ಚರ್ಚಿನ ಸಭೆಗೆ ಸೇರಿದವರು ಯಾರಾದರೂ ತೀರಿಕೊಂಡರೆ ಹೆಣದ ಪೆಟ್ಟಿಗೆ ಮಾಡುವವನು ಅವನೇ, ಗಂಟೆ ಬಾರಿಸುವವನು ಅವನೇ, ಊರೂರಿಗೆ ಹೋಗಿ ಸುದ್ದಿ ಹೇಳುವವನು ಅವನೇ, ಹಾಡು ಎತ್ತಿಕೊಡುವವನೂ ಅವನೇ. ದೊಡ್ಡ ಜ್ವರ ಬಂದ ವರ್ಷ ನಮ್ಮ ಸಭೆಯ ಎಷ್ಟೋ ಮನೆಗಳಿಗೆ ಅವನು ಪೆಟ್ಟಿಗೆ ಹೊತ್ತುಕೊಂಡು ಹೋದ. ಕೊನೆಯದು ನಮ್ಮ ಮನೆಗೆ, ಸ್ವಂತ ಅಣ್ಣನಿಗಾಗಿ. ಆಗ ನನಗೆ ಮೂರು ವರ್ಷ. ಅಲ್ಲಿಂದ ಮುಂದೆ ನನ್ನನ್ನೂ ಅವ್ವನನ್ನೂ ನೋಡಿಕೊಂಡವನು ಕಾಕಾ. ಅವನ ಮುಖ ಆ ವರ್ಷ ಹೇಗೆ ಬಿಗಿದುಕೊಂಡಿತೋ ಹಾಗೆಯೇ ಉಳಿಯಿತು ಎಂದು ಅವ್ವ ಹೇಳುತ್ತಿದ್ದಳು. ನಾನಂತೂ ಅವನ ಬೇರೆ ಮುಖವನ್ನು ಕಂಡೇ ಇರಲಿಲ್ಲ.

ನನಗೆ ಹದಿನೆಂಟು ತುಂಬಿದಾಗ ಹುಕ್ಕೇರಿ ಕಡೆಯ ಘೋಡಗೇರಿಯ ಸಾಲಿ ಮಾಸ್ತರನೊಬ್ಬನ ಜೊತೆ ಮದುವೆ ಗೊತ್ತಾಯಿತು. ನಮ್ಮ ಚರ್ಚಿನಲ್ಲಿ ಬಹಳ ವರ್ಷಗಳಿಂದ ಒಂದೂ ಮದುವೆ ಆಗಿರಲಿಲ್ಲ. ಹುಡುಗಿಯರೆಲ್ಲ ಗಂಡಿನ ಊರಿಗೆ ಹೋಗಿ ಅಲ್ಲಿಯೇ ಮದುವೆಯಾಗುತ್ತಿದ್ದರು. ಗಂಡು ಹೆಣ್ಣು ಮೊಣಕಾಲೂರುವ ಮಣೆಯನ್ನು ಹೊರಗೆ ತೆಗೆದರೆ ಅದಕ್ಕೆ ಗೆದ್ದಲು ಹಿಡಿದಿತ್ತು. ಹೊಸದು ಮಾಡಬೇಕೆಂದು ಪಾದ್ರಿಯವರು ಕಾಕಾನಿಗೆ ಹೇಳಿದರು. ಅವನು ಅಂದೇ ದಾರ ಹಿಡಿದುಕೊಂಡು ಪಡಸಾಲೆಗೆ ಬಂದ.

"ಮಲಕೋ" ಎಂದ.

"ಯಾಕ ಕಾಕಾ?"

"ಅಳತಿ ತಗೋಬೇಕು."

"ಮೊಣಕಾಲೂರೋ ಮಣಿಗೆ ಮಲಗಿದವರ ಅಳತಿ ಯಾಕ ಬೇಕು?"

"ನಿಂತವರ ಅಳತಿ ತಗೊಂಡು ನನಗ ರೂಢಿ ಇಲ್ಲವ್ವಾ."

ಮಲಗಿದೆ, ಮತ್ತೇನು ಮಾಡಲಿ? ನೆತ್ತಿಯಿಂದ ಅಂಗಾಲಿನವರೆಗೆ ದಾರ ಎಳೆದ. ಆಮೇಲೆ ಭುಜದ ಅಗಲ ನೋಡತೊಡಗಿದ. ಅಷ್ಟರಲ್ಲಿ ಅಡುಗೆಮನೆಯಿಂದ ಬಂದ ಅವ್ವ ನನ್ನನ್ನು ನೋಡಿ ಬಾಗಿಲಲ್ಲಿಯೇ ಕುಸಿದು ಕೂತಳು. "ಏನ್ರಿ ಇದು? ಹುಡುಗಿ ಲಗ್ನ ಮಾಡಾಕತ್ತೀರೋ, ಏನ ಮಾಡಾಕತ್ತೀರಿ?"

"ವೈನಿ, ಉದ್ದ ಎಷ್ಟಂತ ಗೊತ್ತಾದ್ರ ಮೊಣಕಾಲು ಎಲ್ಲಿ ಬರತಾವ ಅನ್ನೋದು ಲೆಕ್ಕಕ್ಕ ಸಿಗತೈತಿ" ಎಂದು ಅವನು ಶಾಂತವಾಗಿ ದಾರ ಸುತ್ತಿಕೊಂಡ. ಮಣೆಯೇನೋ ಬಲು ಚೆಂದವಾಗಿ ಬಂತು. ನೋಡಲು ಬಂದ ಪಾದ್ರಿಯವರು, ಇದು ಎಷ್ಟು ವರ್ಷ ಬಾಳುತ್ತದೆ ಎಂದು ಸುಮ್ಮನೆ ಕೇಳಿದರು. "ಮಣ್ಣಾಗ ಹುಗದಿಟ್ಟರ ನಲವತ್ತು ವರ್ಷಕ್ಕ ಮೋಸ ಇಲ್ರಿ" ಎಂದ ಕಾಕಾ.

ಇನ್ನು ಮದುವೆಗೆ ಕರೆಯುವ ಕೆಲಸ. ಮೂಡಲಗಿ, ಕುಲಗೋಡದ ಕಡೆ ನಮ್ಮ ಬಳಗ ಇತ್ತು. ಕಾಕಾ ತನ್ನ ಕಪ್ಪು ಕೋಟು ತೊಟ್ಟುಕೊಂಡು ಹೊರಟ. ಅವನ ಹತ್ತಿರ ಇದ್ದದ್ದೇ ಅದೊಂದು ಕೋಟು, ಮತ್ತು ಆ ಕೋಟು ಆ ಊರುಗಳಿಗೆ ಯಾವತ್ತು ಬಂದಿದ್ದರೂ ಸಾವಿನ ಸುದ್ದಿಯನ್ನೇ ತಂದಿತ್ತು. ಮೂಡಲಗಿಯ ಮನೆಯವರು ಅವನು ಓಣಿಯ ತಿರುವಿನಲ್ಲಿ ಕಂಡಕೂಡಲೇ ಒಲೆ ಆರಿಸಿಬಿಟ್ಟರು. ಅವನು ಸುದ್ದಿ ಹೇಳಿದ ಮೇಲೆ ಅವರಿಗೆ ಎಷ್ಟು ನಾಚಿಕೆಯಾಯಿತೆಂದರೆ, ಊಟಕ್ಕೆ ಏಳಿ ಎನ್ನಲೂ ಮರೆತರು.

ಕುಲಗೋಡದಲ್ಲಿ ಇದ್ದವಳು ನನ್ನ ಸೋದರತ್ತೆ, ಕಾಕಾನ ಅಕ್ಕ. ಅವಳು ಜೋಳದ ಹೊಲದಲ್ಲಿದ್ದಳು. ದೂರದಿಂದಲೇ ತಮ್ಮನನ್ನು ಕಂಡವಳು ಕೈಯಲ್ಲಿದ್ದ ಕುಡುಗೋಲನ್ನು ಒಗೆದು, ಬದುವಿನ ಮೇಲೆ ಕೂತು, ನನ್ನ ಅವ್ವನ ಹೆಸರು ಹಿಡಿದು ಅಳಲು ಶುರು ಮಾಡಿದಳು. ಅವ್ವನ ಗುಣಗಳನ್ನೆಲ್ಲ ಒಂದೊಂದಾಗಿ ಹೇಳಿಕೊಂಡು ಅತ್ತಳು. ಬದುಕಿದ್ದಾಗ ಅವ್ವನ ಬಗ್ಗೆ ಅವಳು ಅಷ್ಟು ಒಳ್ಳೆಯ ಮಾತು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಕಾಕಾ ಪಕ್ಕದಲ್ಲಿ ಕೂತು, ಅವಳು ಮುಗಿಸುವವರೆಗೂ ಕಾದ. ಕೊನೆಗೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಯಾವಾಗ ಹ್ವಾದಳೋ ತಮ್ಮಾ?" ಎಂದು ಕೇಳಿದಳು.

"ಎಲ್ಲೂ ಹೋಗಿಲ್ಲ. ಮನ್ಯಾಗ ಶಾವಿಗಿ ಹೊಸ್ಯಾಕತ್ತಾಳ. ಮಗಳ ಲಗ್ನ ಐತಿ, ಬಾ."

"ಅದನ್ನ ಮೊದಲ ಹೇಳಾಕ ಏನಾಗಿತ್ತೋ ನಿನಗ?"

"ಅಳೋರಿಗೆ ನಡುವ ಮಾತಾಡಸಬಾರದು ಅಕ್ಕಾ. ದಮ್ಮು ಹತ್ತತೈತಿ."

ಇಲ್ಲಿಯವರೆಗೆ ಎಲ್ಲ ನಗುವ ಮಾತೇ. ಮುಂದಿನದಕ್ಕೆ ಅಂದು ಯಾರೂ ನಗಲಿಲ್ಲ.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಐತವಾರ ಗಂಡು ಹೆಣ್ಣಿನ ಹೆಸರನ್ನು ಸಭೆಯ ಮುಂದೆ ಓದುತ್ತಾರೆ. ಯಾರದಾದರೂ ತಕರಾರು ಇದ್ದರೆ ಆಗ ಎದ್ದು ಹೇಳಬೇಕು. ಯಾರೂ ಹೇಳುವುದಿಲ್ಲ. ಪಾದ್ರಿಯವರೂ ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ತಡೆದು ಮುಂದಿನ ಪುಟ ತಿರುವುತ್ತಾರೆ. ಮೂರನೆಯ ಐತವಾರ ಘೋಡಗೇರಿಯಿಂದ ಗಂಡು, ಅವನ ತಂದೆ ತಾಯಿ ಎಲ್ಲ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಪಾದ್ರಿಯವರು ಓದಿ ಮುಗಿಸಿದರು. ಹಿಂದಿನಿಂದ ಬೆಂಚು ಸರಿದ ಸಪ್ಪಳವಾಯಿತು. ತಿರುಗಿ ನೋಡಿದರೆ ಕಾಕಾ ಎದ್ದು ನಿಂತಿದ್ದ.

"ನನ್ನದು ತಕರಾರು ಐತ್ರಿ" ಎಂದ. "ಹುಡುಗಗ ಕೆಮ್ಮು ಐತಿ."

ಕಾಕಾ ತಗ್ಗಿದ ದನಿಯಲ್ಲಿಯೇ ಹೇಳಿದ. ಹುಡುಗ ಕೆಮ್ಮಿದ್ದು ಮಾತುಕತೆಯ ದಿನ ಒಂಬತ್ತು ಸಲ, ಮೊದಲ ಐತವಾರ ಬಂದಾಗ ಆರು ಸಲ, ಇವತ್ತು ಬಾಗಿಲಲ್ಲಿ ತನ್ನನ್ನು ಕಂಡು ನಾಲ್ಕು ಸಲ. ಇಂಥ ಕೆಮ್ಮಿನ ಬಹಳ ಮಂದಿಯನ್ನು ತಾನು ಮಣ್ಣಿಗೆ ಕಳಿಸಿದ್ದಾಗಿದೆ. ಡಾಕ್ಟರು ನೋಡಿ ಹೇಳುವ ತನಕ ತನ್ನ ಅಣ್ಣನ ಮಗಳನ್ನು ಕೊಡುವುದಿಲ್ಲ.

ಗಂಡಿನ ತಂದೆ ಸಿಟ್ಟಿನಿಂದ ಎದ್ದು ನಿಂತರು. "ನಮ್ಮ ಹುಡುಗ ಕ್ಷಯದಾಂವ ಅಂತ ಊರ ಮುಂದ ಸಾರಿದ್ರಿ. ಇನ್ನ ಈ ಲಗ್ನ ಹೆಂಗ ಆದೀತು?" ಎಂದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಮಾಸ್ತರನನ್ನು ನಾನು ಅದಕ್ಕೆ ಮುಂಚೆ ಎರಡೇ ಸಲ ನೋಡಿದ್ದು, ಆದರೂ ನನ್ನ ಮನಸ್ಸು ಆಗಲೇ ಅವನ ಹಿಂದೆ ಹೋಗಿತ್ತು. ಆಗ ಎದ್ದವನು ಅವನೇ. "ಅಪ್ಪಾ, ಅವರು ಹೇಳೋದು ಖರೆ ಐತಿ. ನೋಡಿಸಿದ್ರ ತಪ್ಪೇನು? ನಾ ಹೋಗತೀನಿ" ಎಂದ. ಎಂದವನು ಮತ್ತೆ ಕೆಮ್ಮಿದ.

ಕಾಕಾನೇ ಅವನನ್ನು ರೈಲಿನಲ್ಲಿ ಬೆಳಗಾವಿಯ ದವಾಖಾನೆಗೆ ಕರೆದೊಯ್ದ. ಆ ಎರಡು ದಿನ ಮನೆಯಲ್ಲಿ ನಾನೂ ಅವ್ವನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊಸೆದ ಶಾವಿಗೆ ಹಾಗೆಯೇ ಚಾಪೆಯ ಮೇಲೆ ಒಣಗುತ್ತ ಬಿದ್ದಿತ್ತು. ಕಾಕಾ ತಿರುಗಿ ಬಂದು ಜಗಲಿಯ ಮೇಲೆ ಕೂತಾಗ ನಾವಿಬ್ಬರೂ ಬಾಗಿಲಿಗೆ ಬಂದು ನಿಂತೆವು.

"ಎದಿ ಸ್ವಚ್ಛ ಐತಿ" ಎಂದ ಅವನು, ಯಾರೋ ತೀರಿಕೊಂಡರೆಂದು ಹೇಳುವ ದನಿಯಲ್ಲಿಯೇ. "ಮೂರು ಸಲ ನೋಡ್ರಿ ಅಂತ ಡಾಕ್ಟರಗ ಹೇಳಿದೆ, ಮೂರು ಸಲನೂ ನೋಡಿದ್ರು. ಅಂಜಿದ್ರ ಅಂವಗ ಕೆಮ್ಮು ಬರತೈತಂತ. ಯಾರಿಗೆ ಅಂಜತಾನೋ ಯಾರಿಗೆ ಗೊತ್ತು?"

ಯಾರಿಗೆ ಎಂದು ಅವನೊಬ್ಬನಿಗೆ ಬಿಟ್ಟು ಗೋಕಾಕಕ್ಕೆಲ್ಲ ಗೊತ್ತಿತ್ತು. ಬೆಳಗಾವಿಯಿಂದ ಬರುವಾಗ ರೈಲಿನಲ್ಲಿ ನಡೆದದ್ದನ್ನು ಮಾತ್ರ ನನ್ನ ಗಂಡ ಮದುವೆಯಾಗಿ ಬಹಳ ದಿನದ ಮೇಲೆ ಹೇಳಿದ. ಕಾಕಾ ಅವನ ಹೆಗಲ ಮೇಲೆ ಕೈ ಇಟ್ಟು, "ಮನಸಿಗೆ ಹಚಕೋಬ್ಯಾಡ ಮಾಸ್ತರ. ನಿನ್ನ ಪೆಟಗಿ ಮಾಡಾಕ ನನಗ ಮನಸಿಲ್ಲ, ಅಷ್ಟ" ಎಂದನಂತೆ. ತನ್ನೊಡನೆ ಅಷ್ಟು ಅಕ್ಕರೆಯಿಂದ ಯಾರೂ ಮಾತಾಡಿರಲಿಲ್ಲ ಎಂದು ನನ್ನ ಗಂಡ ಹೇಳುತ್ತಾನೆ. ಆಗಲೂ ಕೆಮ್ಮು ಬಂತಂತೆ.

ಡಾಕ್ಟರ ಚೀಟಿಯನ್ನು ಪಾದ್ರಿಯವರು ಘೋಡಗೇರಿಗೆ ತಾವೇ ಒಯ್ದು, ಗಂಡಿನ ತಂದೆಯನ್ನು ಹೇಗೋ ಒಪ್ಪಿಸಿದರು. ಗೊತ್ತು ಮಾಡಿದ ದಿನವೇ ಮದುವೆ ಎಂದಾಯಿತು.

ಅಂದು ಬೆಳಿಗ್ಗೆ ನಾನು ಬಿಳಿ ಸೀರೆ ಉಟ್ಟು ಚರ್ಚಿನ ಬಾಗಿಲಲ್ಲಿ ನಿಂತಿದ್ದೆ. ತಂದೆ ಇಲ್ಲದ ನನ್ನನ್ನು ಕೈ ಹಿಡಿದು ಒಳಗೆ ಕರೆದೊಯ್ಯಬೇಕಾದವನು ಕಾಕಾ. ಒಳಗೆ ಹಾಡು ಶುರುವಾಯಿತು. ಕಾಕಾ ಹೊಸ್ತಿಲ ಹೊರಗೆ ಕಂಬದ ಹಾಗೆ ನಿಂತುಬಿಟ್ಟ.

"ನಾ ಬರಂಗಿಲ್ಲವ್ವಾ. ಕುಲಗೋಡದ ಅತ್ತಿ ಜೋಡಿ ಹೋಗು."

"ಯಾಕ ಕಾಕಾ?"

ಅವನು ಬೆಂಚುಗಳ ನಡುವಿನ ದಾರಿಯನ್ನು ನೋಡುತ್ತಿದ್ದ. "ಈ ಹಾದ್ಯಾಗ ನಾ ಯಾರ ಜೋಡಿ ನಡದೇನಿ ಅಂತ ನಿನಗ ಗೊತ್ತಿಲ್ಲೇನು? ನಾ ಮುಟ್ಟಿ ಒಳಗ ಕರಕೊಂಡು ಹ್ವಾದವರು ಯಾರೂ ಮನಿಗೆ ತಿರುಗಿ ಬಂದಿಲ್ಲ. ನಿನ್ನ ಅಪ್ಪನ್ನೂ ನಾನ ಒಯ್ದೆ."

ಇಷ್ಟು ವರ್ಷ ಅವನ ಮುಖವನ್ನು ನೋಡಿ ನಾವೆಲ್ಲ ನಕ್ಕಿದ್ದೆವು. ಅದರ ಹಿಂದೆ ಇಂಥ ಅಂಜಿಕೆಯೊಂದು ಕೂತಿದೆಯೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾನು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಒಳಗೆ ಹೆಜ್ಜೆ ಇಟ್ಟೆ. ಎಳೆದುಕೊಂಡೇ ಹೋದೆ ಎನ್ನಿ. ನನ್ನ ಪಕ್ಕದಲ್ಲಿ ಅವನ ಹೆಜ್ಜೆ ತಡವರಿಸುತ್ತಿತ್ತು. ಹೆಗಲ ಮೇಲೆ ಭಾರವಿಲ್ಲದೆ ಆ ದಾರಿಯಲ್ಲಿ ಹೇಗೆ ನಡೆಯಬೇಕೆಂಬುದು ಅವನಿಗೆ ತಿಳಿಯದಾಗಿತ್ತು.

ಚರ್ಚಿನ ಮುಂಭಾಗದಲ್ಲಿ ಪಾದ್ರಿಯವರು ನಿಂತಿದ್ದ ಕಟಕಟೆಯನ್ನು ಮುಟ್ಟಿದೆವು. ಗಂಡು ಕೈ ಚಾಚಿದ. ಕಾಕಾ ನನ್ನ ಕೈ ಬಿಡಲಿಲ್ಲ. ಪಾದ್ರಿಯವರು ಬಗ್ಗಿ ಮೆಲ್ಲಗೆ, "ಕೈ ಬಿಡ್ರಿ" ಎಂದರು.

"ಬಿಡತೀನ್ರಿ. ಒಂದ ನಿಮಿಷ ತಡೀರಿ" ಎಂದ ಕಾಕಾ. ಎರಡೂ ಕೈಗಳಲ್ಲಿ ನನ್ನ ಕೈಯನ್ನು ಮುಚ್ಚಿಕೊಂಡಿದ್ದ. ಆ ಬಿಗಿದ ಮುಖದ ಮೇಲೆ ನೀರು ಇಳಿಯುತ್ತಿತ್ತು.

"ಬೆಚ್ಚಗ ಐತ್ರಿ ಪಾದ್ರಿಯವರ" ಎಂದ. "ಕೈ ಬೆಚ್ಚಗ ಐತಿ."