ಗುರುಲಿಂಗವ್ವನ ಟ್ಯಾಬ್ ದಿಗ್ವಿಜಯ

ಗುರುಲಿಂಗವ್ವನ ಬಳಿ ಓವರ್‌ಲಾಕ್ ಮಷಿನ್ ಇರಲಿಲ್ಲ.

ಸೂಜಿಯ ಕಣ್ಣಿನಲ್ಲಿ ಕೂತು ಲೋಕವನ್ನು ನೋಡುವ ದೇವತೆಯೇ, ಹರಿದದ್ದನ್ನು ಹೊಲಿಸುವವಳೇ, ಹೊಲಿದದ್ದನ್ನು ಗಿರಾಕಿಯ ಮೈ ಬಂದ ಕಾರಣಕ್ಕೆ ಮತ್ತೆ ಬಿಚ್ಚಿಸುವವಳೇ, ಈ ಕಥೆಗೆ ದಾರ ಪೋಣಿಸಿಕೊಡು. ಸೀರೆಯ ಬೆಲೆಯನ್ನು ರವಿಕೆಯ ಹೊಲಿಗೆಯ ಬೆಲೆ ಮೀರಿಸಿದ್ದ ಯುಗದಲ್ಲಿ, ಅಂಗೈಯಗಲದ ಗಾಜನ್ನು ನೋಡದೆ ಮನುಷ್ಯರು ಊಟಕ್ಕೂ ಕೂರದಿದ್ದ ಕಾಲದಲ್ಲಿ, ಬೆಟಗೇರಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ವೀರೇಶ್ವರ ಲೇಡೀಸ್ ಟೇಲರ್ಸ್ ಎಂಬ ಮಹಾಸಾಮ್ರಾಜ್ಯವಿತ್ತು. ಅದರ ಪೂರ್ವಗಡಿ ಚರಂಡಿ, ಪಶ್ಚಿಮಗಡಿ ಹಿಟ್ಟಿನ ಗಿರಣಿಯ ಗೋಡೆ. ಅದನ್ನು ಅಕ್ಕ ತಮ್ಮ ಇಬ್ಬರು ಆಳುತ್ತಿದ್ದರು. ತಮ್ಮನಾದ ಚನ್ನವೀರನು ಮಾನಸೂತ್ರಕಂಠಾಭರಣನು, ಕರ್ತರೀಕರಕಮಲನು. ಅಂದರೆ ಕೊರಳಲ್ಲಿ ಟೇಪು, ಕೈಯಲ್ಲಿ ಕತ್ತರಿ. ಅಕ್ಕನಾದ ಗುರುಲಿಂಗವ್ವಳು ಸೂಚೀಸಮರಧುರಂಧರೆಯು, ಲಕ್ಷಬಂಧನಬದ್ಧಹಸ್ತೆಯು. ಹುಕ್ಕು, ಕಾಜಾ, ಹೆಮ್ಮಿಂಗ್ ಎಲ್ಲವೂ ಅವಳದೇ. ಹನ್ನೊಂದು ವರ್ಷದ ಹಿಂದೆ ಗಂಡನ ಮನೆಯಿಂದ ವಾಪಸು ಬಂದಿದ್ದಳು. ಕಾರಣ ಈ ಕಥೆಗೆ ಬೇಕಿಲ್ಲ.

ಕತ್ತರಿಸಿದ ಬಟ್ಟೆಯ ಅಂಚಿನಿಂದ ನೂಲು ಬಿಚ್ಚದಂತೆ ಕಟ್ಟುವುದು ಓವರ್‌ಲಾಕ್ ಮಷಿನ್ನಿನ ಕೆಲಸ. ಅದು ಇಲ್ಲದ ಆ ಅಂಗಡಿಯಲ್ಲಿ ಆ ಕೆಲಸವನ್ನು ಗುರುಲಿಂಗವ್ವನ ಬಲಗೈ ಮಾಡುತ್ತಿತ್ತು. ಆ ಕೈಯ ತೋರುಬೆರಳಿನ ತುದಿಗೆ ಈಚೆಗೆ ಬಿಸಿ ಯಾವುದು ತಣ್ಣಗಿರುವುದು ಯಾವುದು ತಿಳಿಯುತ್ತಿರಲಿಲ್ಲ. ಅದಕ್ಕೇ ಅವಳು ಮೇಲಿನ ಗೂಡಿನಲ್ಲಿ ಒಂದು ಡಬ್ಬಿ ಇಟ್ಟಿದ್ದಳು. ಅದರಲ್ಲಿ ಬೀಳುವ ಹಣಕ್ಕೆ ಓವರ್‌ಲಾಕ್ ರೊಕ್ಕ ಎಂದೇ ಹೆಸರು. ಅದು ಹದಿನಾರು ಸಾವಿರ ಮುಟ್ಟಿದ ವಾರ, ಮಹಾಲಯ ಅಮಾವಾಸ್ಯೆಗೆಂದು ಅವಳು ಮುಂಡರಗಿಯ ಚಿಕ್ಕಮ್ಮನ ಮನೆಗೆ ಹೋದಳು. ಸಂಜೆ ತಿರುಗಿ ಬರುವಷ್ಟರಲ್ಲಿ ಸ್ಪರ್ಶಮಾತ್ರಪ್ರಬುದ್ಧವೂ, ಸಹಸ್ರರವಿಕಾವಿನ್ಯಾಸಗರ್ಭಿತವೂ, ನೀಲಮೇಘಶ್ಯಾಮವೂ ಆದ ಒಂದು ದಶಾಂಗುಲಫಲಕವು ಥರ್ಮಾಕೋಲಿನ ಶಯ್ಯೆಯಿಂದ ಎದ್ದು, ಗುಂಡಿಗಳ ಡಬ್ಬಿಗೂ ಇಸ್ತ್ರಿ ಪೆಟ್ಟಿಗೆಗೂ ನಡುವೆ ವಿರಾಜಮಾನವಾಗಿತ್ತು.

"ಇದೇನೋ ತಮ್ಮಾ, ಪಾಟಿ ತಂದೀ?" ಎಂದಳು ಗುರುಲಿಂಗವ್ವ. "ಈ ವಯಸ್ಸಿನ್ಯಾಗ ಸಾಲಿಗೆ ಹೊಂಟಿಯೇನ?"

"ಟ್ಯಾಬ್ ಅಕ್ಕಾ, ಆನ್‌ಲೈನ್‌ನ್ಯಾಗ ತರಿಸೀನಿ. ಎದುರಿನ ಬುಟಿಕ್‌ನ್ಯಾಗ ಡಿಸೈನ್ ಇದ್ರಾಗ ತೋರಸ್ತಾರ. ನಮ್ಮಲ್ಲೇನ ಐತಿ? ಗ್ವಾಡಿ ಮ್ಯಾಲೆ ಹಳೇ ಕ್ಯಾಲೆಂಡರ್‌ನ ಹೀರೋಯಿನ್."

"ಆಕಿ ಬೆನ್ನು ನೋಡೇ ಅರ್ಧ ಬೆಟಗೇರಿ ಹೊಲಿಸ್ಕೊಂಡೈತಿ. ರೊಕ್ಕ ಎಲ್ಲೀದು?"

ಚನ್ನವೀರ ಟೇಪನ್ನು ಸುತ್ತತೊಡಗಿದ. ಗುರುಲಿಂಗವ್ವ ಡಬ್ಬಿ ಇಳಿಸಿದಳು. ಡಬ್ಬಿ ಹಗುರವಾಗಿತ್ತು.

"ಅದೂ ಅಮಾಸಿ ದಿನ," ಎಂದಳು.

"ಪೂರಾ ಕೇಳು. ಬ್ಯಾಡ ಅನಿಸಿದ್ರ ಹತ್ತ ದಿನದಾಗ ವಾಪಸ್ ಕೊಡಬಹುದು. ಅವ್ರೇ ಬಂದು ಒಯ್ತಾರ. ಒಂದ ರೂಪಾಯಿ ಮುರ್ಕೊಳ್ಳಂಗಿಲ್ಲ."

ಕುರುಕ್ಷೇತ್ರಕ್ಕೆ ಹದಿನೆಂಟು ದಿನ ಸಿಕ್ಕಿತ್ತು. ಬೆಟಗೇರಿಗೆ ಹತ್ತೇ ಸಿಕ್ಕಿತು. ಹತ್ತನೆಯ ದಿನ ಖಂಡೇನವಮಿ, ಆಯುಧಗಳ ಪೂಜೆಯ ದಿನ. ಅಂದು ಸೂರ್ಯ ಮುಳುಗುವುದರೊಳಗೆ ಆ ಫಲಕವು ತನ್ನ ಬೆಲೆಗೆ ತಕ್ಕುದೋ ಅಲ್ಲವೋ ತೀರ್ಮಾನವಾಗಬೇಕು. ಅಲ್ಲವಾದರೆ ಅಕ್ಕನಿಗೆ ಮಷಿನ್, ಹೌದಾದರೆ ಅಕ್ಕನಿಗೆ ಮೊದಲಿನಂತೆ ಸೂಜಿ. ಇದನ್ನರಿತ ಚನ್ನವೀರನು ಕತ್ತರಿಯನ್ನು ಮೇಲೆತ್ತಿ ಘರ್ಜಿಸಿದನು:

"ಕೇಳಕ್ಕಾ. ಈ ಟ್ಯಾಬ್ ಇದ್ರ ಹುಬ್ಬಳ್ಳಿ ಹೆಣ್ಮಕ್ಕಳನ್ನ ಬೆಟಗೇರಿಗೆ ಎಳ್ಕೊಂಡ ಬರ್ತೀನಿ. ನವಿಲು ಅಂದ್ರ ಬೆನ್ನ ಮ್ಯಾಲೆ ನವಿಲು ಕುಣೀಬೇಕು, ಗಡಿಗಿ ಅಂದ್ರ ಗಡಿಗಿ ಇಳೀಬೇಕು. ಎದುರಿನ ಬುಟಿಕ್ಕಿನವ ಬಾಗಲಾ ಹಾಕ್ಕೊಂಡ ಬಂದು ನನ್ನ ಹತ್ರ ಕಾಜಾ ಮಾಡೋ ಕೆಲಸ ಕೇಳ್ಬೇಕು. ಹಂಗಾಗ್ಲಿಲ್ಲಂದ್ರ ನಾ ಕತ್ತರಿ ಮುಟ್ಟೂದಿಲ್ಲ."

ಗುರುಲಿಂಗವ್ವಳು ಬೆರಳಿಗೆ ಲೋಹದ ಟೋಪಿ ಏರಿಸಿ, ಶಿರಸ್ತ್ರಾಣಧಾರಿಣಿಯಂತೆ ಎದ್ದುನಿಂತು ಉತ್ತರಿಸಿದಳು:

"ಹನ್ನೊಂದ ವರ್ಷದಿಂದ ಈ ಊರಿನ ಬೆನ್ನು ನೋಡೀನಿ. ಯಾರಿಗೆ ಎಷ್ಟ ಬಟ್ಟಿ ಹಿಡೀತೈತಿ ನನ್ನ ಗೇಣು ಹೇಳತೈತಿ. ನಿನ್ನ ಪಾಟಿ ಅಂಚು ಕಟ್ಟತೈತೇನ? ಹುಕ್ಕು ಹಚ್ಚತೈತೇನ? ಕರೆಂಟ್ ತಿಂತೈತಿ, ದುಡಿ ಅಂದ್ರ ಮೈ ಕಾಯ್ತೈತಿ. ಹತ್ತ ದಿನದಾಗ ಇದನ್ನ ಬಂದ ದಾರಿಗೆ ಹಚ್ಚಲಿಲ್ಲಂದ್ರ ನಾ ಸೂಜಿಗೆ ದಾರ ಪೋಣಸೂದಿಲ್ಲ."

ಹೀಗೆ ಇಬ್ಬರೂ ಘೋರಪ್ರತಿಜ್ಞೆ ಮಾಡಿದರು. ಆಮೇಲೆ ಚಹಾ ಕುಡಿದರು.

ಮೊದಲ ಕಾಳಗ ಹೊಸಮನಿ ಟೀಚರ್ ಬಂದಾಗ ನಡೆಯಿತು. ಫಲಕವು ತನ್ನ ಅಕ್ಷಯತೂಣೀರದಿಂದ ಬಾಣದ ಮೇಲೆ ಬಾಣದಂತೆ ಕುತ್ತಿಗೆಗಳನ್ನು ಬಿಟ್ಟಿತು: ಚೌಕದ್ದು, ಎಲೆಯಾಕಾರದ್ದು, ಗಡಿಗೆಯದು, ಬೆನ್ನೇ ಇಲ್ಲದ್ದು. ಟೀಚರು ಒಂದು ತಾಸು ಬೆರಳಾಡಿಸಿದರು. ನಡುವೆ ಅವರ ಮಗ ಅದನ್ನು ಕಿತ್ತುಕೊಂಡು ಕಾರ್ಟೂನ್ ನೋಡಿದ. ಕೊನೆಗೆ ಅವರು ಎದ್ದು, "ಹೋದ ಸಲ ಹೊಲಿದಿದ್ರಲ್ಲ ಚನ್ನವೀರಣ್ಣಾ, ಅದ ಇರ್ಲಿ. ತೋಳು ಒಂದೀಟು ಸಡ್ಲ ಮಾಡ್ರಿ," ಎಂದರು.

ಗುರುಲಿಂಗವ್ವ ಫಲಕದ ಬೆನ್ನನ್ನು ಮುಟ್ಟಿ ನೋಡಿದಳು. ಬಲಗೈ ಬೆರಳಿಗೆ ಏನೂ ತಿಳಿಯದ್ದರಿಂದ ಎಡಗೈಯಲ್ಲಿ ಮುಟ್ಟಿದಳು. ಕಾದಿತ್ತು. "ಒಂದ ಹನಿ ಎಣ್ಣಿ ಕಂಡಿಲ್ಲ, ಕಾಯದ ಇನ್ನೇನ ಮಾಡತೈತಿ," ಎಂದು ತನಗೆ ತಾನೇ ಹೇಳಿಕೊಂಡಳು. ಈ ಮಾತನ್ನು ಆ ಹೊತ್ತಿನಲ್ಲಿ ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಎರಡನೆಯ ಕಾಳಗದಲ್ಲಿ ಚನ್ನವೀರ ಗೆದ್ದ. ಲಕ್ಕುಂಡಿಯ ಮದುವೆ ಮನೆಯವರು ಬಂದು, ಫಲಕದಲ್ಲಿ ಕಂಡ ನವಿಲನ್ನೇ ಮೆಚ್ಚಿ, ಬೆನ್ನಿಗೆ ನವಿಲು, ತೋಳಿಗೆ ಮುತ್ತು, ಕೆಳಗೆ ಗೊಂಡೆ ಎಂದು ರವಿಕೆಗಳ ಮೂಟೆ ಇಳಿಸಿದರು. ಚೌಕಾಸಿ ಮಾಡಲಿಲ್ಲ. ಅವರು ಹೊಸ್ತಿಲು ದಾಟಿದ ಮೇಲೆ ಚನ್ನವೀರ ದಿಗಂತವನ್ನು, ಅಂದರೆ ಎದುರಿನ ಬುಟಿಕ್ಕನ್ನು, ದಿಟ್ಟಿಸುತ್ತ ನಿಂತ.

"ಈಗರೆ ಒಪ್ಪತೀಯೇನು?" ಎಂದ. "ವಸೂಲ್ ಆತೋ ಇಲ್ಲೋ?"

"ನವಿಲು ಯಾರ ತೋರಿಸಿದ್ರು?"

"ಟ್ಯಾಬ್."

"ಗರಿ ಯಾರ ಕಟ್ಟವ್ರು?"

ಗುರುಲಿಂಗವ್ವ ಕಟ್ಟಿದಳು. ನವರಾತ್ರಿಯ ದೀಪಗಳು ಉರಿಯುತ್ತಿದ್ದ ಅಷ್ಟೂ ದಿನ ಕಟ್ಟಿದಳು. ಅವಳು ಕಟ್ಟುತ್ತಲೇ ಬೈದಳು, ಅವನು ಕತ್ತರಿಸುತ್ತಲೇ ಬೈಸಿಕೊಂಡ. ಪ್ರತಿಜ್ಞೆಗಳನ್ನು ಇಬ್ಬರೂ ಮರೆತಿದ್ದರು. ಒಂಬತ್ತನೆಯ ದಿನ ಮಧ್ಯಾಹ್ನ ಅವಳು ತರ್ಜನಿಯನ್ನು ಅವನ ಮೂಗಿನ ಮುಂದೆ ಚಾಚಿ, "ನಿನ್ನ ಪಾಟಿ ಹುಟ್ಟಿಸಿದವ್ನ ಕರ್ಕೊಂಡ ಬಾ, ಒಂದ ತೋಳಿನ ಅಂಚು ಕಟ್ಟಿ ತೋರಸ್ಲಿ," ಎಂದಳು. ಚನ್ನವೀರ ಅವಳ ಮುಖ ನೋಡಲಿಲ್ಲ, ಬೆರಳನ್ನು ನೋಡಿದ. ಬೆರಳಿನಲ್ಲಿ ಸೂಜಿ ನೆಟ್ಟಗೆ ನಿಂತಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ.

ಇಂಥಲ್ಲಿ ವೀರನು ಕಣ್ಣೀರ್ಗರೆದನೆಂದು ಹಾಡುವುದು ವಾಡಿಕೆ. ಚನ್ನವೀರ ಅಳಲಿಲ್ಲ. ಸೂಜಿ ಕಿತ್ತು, ಒರೆಸಿ, ದಿಂಬಿಗೆ ಚುಚ್ಚಿದ. ಮೊಬೈಲ್ ತೆಗೆದು ಏನೋ ಒತ್ತಿದ. "ನಾಳಿ ಸಂಜಿಕ ಬಂದು ಒಯ್ತಾರ," ಎಂದ.

ಹೀಗೆ ಗುರುಲಿಂಗವ್ವ ಗೆದ್ದಳು.

ಖಂಡೇನವಮಿಯ ಮುಂಜಾನೆ ಅಂಗಡಿಯಲ್ಲಿ ಸೈನ್ಯ ಸಾಲುಗಟ್ಟಿತು. ಹೊಲಿಗೆ ಮಷಿನ್ನುಗಳೆರಡು ಆನೆಗಳಂತೆ ಹಿಂದೆ, ಇಸ್ತ್ರಿ ಪೆಟ್ಟಿಗೆ ರಥದಂತೆ ನಡುವೆ, ಕತ್ತರಿಗಳು, ಸುತ್ತಿಟ್ಟ ಟೇಪು, ಸೂಜಿ ದಿಂಬು, ಹುಕ್ಕಿನ ಪೊಟ್ಟಣ ಪದಾತಿಗಳಂತೆ ಮುಂದೆ. ಚನ್ನವೀರ ಬಾಳೆಕಂಬ ತರಲು ಹೋಗಿದ್ದ. ಗುರುಲಿಂಗವ್ವ ಒಬ್ಬಳೇ ಇದ್ದಳು.

ಖಂಡೇ ಪೂಜೆಯಲ್ಲಿ ಅವಳದು ಎರಡು ಶಾಸನ. ಅಂಗಡಿಯೊಳಗಿನ ಯಾವ ಆಯುಧವೂ ವಿಭೂತಿ ಕಾಣದೆ ಉಳಿಯಬಾರದು. ಹಿಂದೊಮ್ಮೆ ಮೂಲೆಯಲ್ಲಿ ಮರೆತ ಸಣ್ಣ ಕತ್ತರಿ ಆ ವಾರವೇ ಗಿರಾಕಿಯೊಬ್ಬಳ ಇಳಕಲ್ ಸೀರೆಯ ಸೆರಗನ್ನು ಕಚ್ಚಿತ್ತು. ಇನ್ನೊಂದು, ಪೂಜೆಗೆ ಮೊದಲು ಪ್ರತಿ ಮಷಿನ್ನಿನ ಪ್ರತಿ ತೂತಿಗೂ ಒಂದೊಂದು ಹನಿ ಎಣ್ಣೆ ಬೀಳಬೇಕು. ಮಷಿನ್ನಿಗೆ ತೂತು ಇರುವುದೇ ಅದಕ್ಕೆ.

ಎಲ್ಲ ಮುಗಿದ ಮೇಲೆ, ವಾಪಸು ಕಳಿಸಲೆಂದು ಬೆಂಚಿನ ಮೇಲೆ ಕಟ್ಟಿಟ್ಟಿದ್ದ ಟ್ಯಾಬಿನ ಪೆಟ್ಟಿಗೆ ಕಣ್ಣಿಗೆ ಬಿತ್ತು. ಆಗ ಮಹಾಕಾವ್ಯಗಳಲ್ಲಿ ಗೆದ್ದವರಿಗೆ ಬರುವ ಆ ಅಪಾಯಕರವಾದ ಔದಾರ್ಯವು ಗುರುಲಿಂಗವ್ವಳಿಗೂ ಬಂದಿತು. ಸೋತ ವೈರಿಯನ್ನು ಬರಿಗೈಯಲ್ಲಿ ಕಳಿಸಬಾರದು. ಅದರಲ್ಲೂ ಹತ್ತು ದಿನ ಒಣ ಮೈಯಲ್ಲಿ ಓಡಿ ಓಡಿ ಕಾದ ಮಷಿನ್ನನ್ನು ಹಾಗೆಯೇ ವಾಪಸು ಕೊಟ್ಟರೆ, ಇವರೆಂಥ ಟೇಲರುಗಳು ಎಂದು ಅಂಗಡಿಯವನು ಅನ್ನುವುದಿಲ್ಲವೇ? ಅವಳು ಪೆಟ್ಟಿಗೆ ಬಿಚ್ಚಿದಳು.

"ಬೇಜಾರ ಮಾಡ್ಕೋಬ್ಯಾಡಪಾ," ಎಂದಳು. "ನಿನ್ನ ತಪ್ಪೇನಿಲ್ಲ. ಹೋದ ಮನ್ಯಾಗ ಚಂದಾಗಿ ಬಾಳು."

ಫಲಕದ ಹಣೆಗೆ ಮೂರು ಗೆರೆ ವಿಭೂತಿ ಎಳೆದಳು. ಬೆನ್ನಿನ ಮೇಲಿನ ಒಂಟಿಗಣ್ಣಿನ ಮೇಲ್ಗಡೆ ಕುಂಕುಮ ಇಟ್ಟಳು. ಅಂಚನ್ನು ಬೆಳಕಿಗೆ ಹಿಡಿದು ತೂತುಗಳನ್ನು ಹುಡುಕಿದಳು. ತುಂಬಾ ಸಣ್ಣ ತೂತುಗಳು. ಎಣ್ಣೆ ಡಬ್ಬಿಯ ಉದ್ದ ಕೊಕ್ಕಿನಿಂದ, ಹೊರಗೆ ಒಂದಿಷ್ಟೂ ಚೆಲ್ಲದಂತೆ, ಏಳಕ್ಕೂ ಏಳು ಹನಿ ಬಿಟ್ಟಳು. ಇಷ್ಟು ಅಚ್ಚುಕಟ್ಟಾಗಿ ಎಣ್ಣೆ ಬಿಡುವ ಕೈ ಬೆಟಗೇರಿಯಲ್ಲಿ ಇನ್ನೊಂದಿರಲಿಲ್ಲ. ಆಮೇಲೆ ಅದನ್ನು ಸಾಲಿನಲ್ಲಿ ಇಸ್ತ್ರಿ ಪೆಟ್ಟಿಗೆಯ ಪಕ್ಕ ಕೂರಿಸಿ, ಹೂ ಹಾಕಿ, ಕೈಮುಗಿದಳು.

ಚನ್ನವೀರ ಬಂದು ನೋಡಿದ. ವಿಭೂತಿ ಕಂಡ, ಎಣ್ಣೆ ಕಾಣಲಿಲ್ಲ. ವಿಭೂತಿಯನ್ನು ಒರೆಸಬಹುದು ಎಂದುಕೊಂಡು ಕರ್ಪೂರ ಹಚ್ಚಿದ.

ಸಂಜೆ ಕೊರಿಯರ್ ಪರಸಪ್ಪ ಬಂದ. ಅವನ ಬೈಕಿಗೂ ಚೆಂಡುಹೂವಿನ ಹಾರ ಬಿದ್ದಿತ್ತು. ಪೂಜೆಗೆ ಕೂತ ಆಯುಧವನ್ನು ಬನ್ನಿಯ ದಿನದವರೆಗೆ ಎಬ್ಬಿಸಬಾರದು. ಗುರುಲಿಂಗವ್ವ ಒಂದು ಕ್ಷಣ ತಡೆದಳು. ಇನ್ನೂ ಬಾರದ ಓವರ್‌ಲಾಕ್ ಮಷಿನ್ನಿಗೆಂದು ಅವಳು ಮೀಸಲಿಟ್ಟ ಜಾಗ, ಬಾಗಿಲ ಎಡಕ್ಕೆ, ಖಾಲಿ ಕಾಣುತ್ತಿತ್ತು. ಅವಳೇ ಎಬ್ಬಿಸಿ ಕೊಟ್ಟಳು.

ಪರಸಪ್ಪ ಅದನ್ನು ತಿರುಗಿಸಿದ, ಕೈ ನೋಡಿಕೊಂಡ, ಮೂಸಿದ.

"ಅಕ್ಕಾರ, ಇದ್ರಾಗ ಏನ ಹಾಕೀರಿ?"

"ಎಣ್ಣಿ. ಮಷಿನ್ ಎಣ್ಣಿ. ಚಲೋದು ಐತಿ, ಗದಗಿನಿಂದ ತರಸ್ತೀವಿ."

"ಯಾಕ್ರೀ?"

"ಕಾಯ್ತಿತ್ತಲ್ಲಪ್ಪಾ."

ಚನ್ನವೀರ ಬೆಂಚಿನ ಮೇಲೆ ಕೂತ. ಪರಸಪ್ಪ ಫಲಕದ ಫೋಟೊ ತೆಗೆದು ತನ್ನ ಮೊಬೈಲಿಗೆ ತೋರಿಸಿದ. ಮೊಬೈಲ್ ಯೋಚಿಸಿತು.

"ಬ್ಯಾಡ ಅಂತೈತ್ರಿ," ಎಂದ. "ನಾ ತಗೊಂಡ್ರ ನನ್ನ ಪಗಾರದಾಗ ಹಿಡೀತಾರ."

"ಒರಿಸಿ ಕೊಡ್ತೀನಿ ತಡಿ."

"ಹೊರಗ ಒರಸ್ತೀರಿ ಅಕ್ಕಾರ. ಒಳಗ?"

ಗುರುಲಿಂಗವ್ವ ಸೆರಗಿನ ತುದಿಯನ್ನು ಎತ್ತಿದ್ದಳು. ಇಳಿಸಿದಳು. ಪರಸಪ್ಪನಿಗೆ ಪೂಜೆಯ ಬಾಳೆಹಣ್ಣು ಕೊಟ್ಟಳು. ಅವನು ತಿಂದು ಹೋದ. ಚನ್ನವೀರ, "ನಿಂಗ ನಾ ಹೇಳಬೇಕಿತ್ತು," ಎಂದ. "ಏನ ಹೇಳ್ತಿದ್ದಿ," ಎಂದಳು ಅವಳು. ಮಷಿನ್ನಿಗೆ ಎಣ್ಣೆ ಬಿಡಬೇಡ ಎಂದು ಯಾವ ಟೇಲರೂ ಯಾರಿಗೂ ಹೇಳಿದ್ದಿಲ್ಲ.

ಮರುದಿನ ಬನ್ನಿ. ಓಣಿಯವರೆಲ್ಲ ಬನ್ನಿ ಎಲೆ ಹಂಚುತ್ತ ಬಂದರು. ಚನ್ನವೀರನೂ ಅಕ್ಕನ ಕೈಗೆ ನಾಲ್ಕು ಎಲೆ ಇಟ್ಟು ಕಾಲು ಮುಟ್ಟಿದ. "ಬನ್ನಿ ತಗೊಂಡು ಬಂಗಾರದಂಗ ಇರೂಣಕ್ಕಾ," ಎಂದ. "ಇರೂಣಪಾ," ಎಂದಳು. ಎಲೆಗಳನ್ನು ಡಬ್ಬಿಗೆ ಹಾಕಿ ಗೂಡಿನಲ್ಲಿಟ್ಟಳು.

ಟ್ಯಾಬ್ ಬೆಲೆಗೆ ತಕ್ಕುದೇ ಎಂಬುದು ಆ ಓಣಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅದು ಮೂಕವಾಗಿದೆ. ವೈರಿನ ಕೆಳಗೆ ದಾರದ ಉಂಡೆ ಕೊಟ್ಟು ಓರೆಯಾಗಿ ಹಿಡಿದರೆ ಚಾರ್ಜ್ ಆಗುತ್ತದೆ. ಉಳಿದ ಹೊತ್ತು ಕಟಿಂಗ್ ಮೇಜಿನ ಮೇಲೆ, ಫ್ಯಾನಿನ ಗಾಳಿಗೆ ಅಳತೆ ಕಾಗದ ಹಾರದಂತೆ ಮಲಗಿರುತ್ತದೆ, ಭಾರ ಹದವಾಗಿದೆ. ಲಕ್ಕುಂಡಿಯ ನವಿಲುಗಳಲ್ಲಿ ಇನ್ನೆರಡು ಬಾಕಿ ಇದ್ದವು. ಗುರುಲಿಂಗವ್ವ ಬೆರಳಿಗೆ ಟೋಪಿ ಏರಿಸಿ ಕೂತಳು.

ಯುದ್ಧದಲ್ಲಿ ಒಟ್ಟು ನಷ್ಟವಾದದ್ದು: ಮಷಿನ್ ಎಣ್ಣೆ ಏಳು ಹನಿ, ಓವರ್‌ಲಾಕ್ ಮಷಿನ್ ಒಂದು.